ಮಲೆನಾಡಿನ ಮಳೆಗಾಲಕ್ಕೆ ಮುನ್ನ ವಿಟಮಿನ್ ಡಿ ಕೊರತೆ ನೀಗಿಸಿಕೊಳ್ಳುವ ಬಗೆ

ಆಗುಂಬೆ, ತೀರ್ಥಹಳ್ಳಿ, ಹೊಸನಗರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಅಪರೂಪ. ವೈರಸ್‌ನಿಂದ ಬರುವ ಶೀತ, ಕೆಮ್ಮು, ಫ್ಲೂ ಮನೆಮನೆಗೆ ಹಬ್ಬುವುದೂ ಆ ದಿನಗಳಲ್ಲೇ. ಆದ್ದರಿಂದ ವಿಟಮಿನ್ ಡಿ ಕೊರತೆಯನ್ನು ಬೇಸಿಗೆಯಲ್ಲೇ ಸರಿಪಡಿಸಿಕೊಳ್ಳುವುದು ಒಳ್ಳೆಯದು.

ಆದರೆ ಅದರಿಂದ ಎಷ್ಟನ್ನು ನಿರೀಕ್ಷಿಸಬೇಕೆಂಬುದನ್ನು ಮೊದಲೇ ತಿಳಿದಿರಬೇಕು. ಶ್ವಾಸನಾಳದ ರಕ್ಷಣಾ ಕೋಶಗಳು ಈ ವಿಟಮಿನ್ನನ್ನು ಬಳಸಿಕೊಂಡು ಕ್ಯಾಥೆಲಿಸಿಡಿನ್ ಎಂಬ ಸೂಕ್ಷ್ಮಾಣುನಾಶಕ ಪ್ರೋಟೀನನ್ನು ತಯಾರಿಸುತ್ತವೆ. ವಿಟಮಿನ್ ಡಿ ಶೀತ, ಫ್ಲೂನಂಥ ಸೋಂಕುಗಳನ್ನು ತಡೆಯುತ್ತದೆಯೇ ಎಂದು ಪರೀಕ್ಷಿಸಿದ 25 ಪ್ರಯೋಗಗಳನ್ನು 2017ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ತೀವ್ರ ಕೊರತೆಯಿದ್ದು, ದಿನಕ್ಕೋ ವಾರಕ್ಕೋ ಒಮ್ಮೆ ಸಣ್ಣ ಪ್ರಮಾಣದಲ್ಲಿ ತೆಗೆದುಕೊಂಡವರಿಗೆ ಹೆಚ್ಚು ಪ್ರಯೋಜನ ಕಂಡಿತ್ತು. ಆದರೆ ಇನ್ನಷ್ಟು ಪ್ರಯೋಗಗಳನ್ನು ಸೇರಿಸಿದ 2025ರ ವಿಶ್ಲೇಷಣೆಯಲ್ಲಿ ಒಟ್ಟಾರೆ ಲಾಭ ಖಚಿತವಾಗಿ ಉಳಿಯಲಿಲ್ಲ. ಹೀಗಾಗಿ ಕೊರತೆಯನ್ನು ನೀಗಿಸಿಕೊಳ್ಳುವುದು ವಿವೇಕವೇ ಹೊರತು, ಸಾಕಷ್ಟಿರುವವರು ಇನ್ನೂ ಏರಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ನಮ್ಮಲ್ಲಿ ಬೆಳಗಿನ ಎಳೆಬಿಸಿಲೇ ಶ್ರೇಷ್ಠವೆಂಬ ನಂಬಿಕೆ ಬಲವಾಗಿದೆ. ಚರ್ಮದಲ್ಲಿ ವಿಟಮಿನ್ ಡಿ ಹುಟ್ಟಿಸುವ ಅತಿನೇರಳೆ ಬಿ ಕಿರಣಗಳು ಆ ಹೊತ್ತಿನಲ್ಲಿ ತೀರ ಕಡಿಮೆ. ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ, ಕೈಕಾಲುಗಳನ್ನು ತೆರೆದಿಟ್ಟು, ಚರ್ಮ ಸುಡುವ ಮುನ್ನವೇ ನೆರಳಿಗೆ ಬರುವಂತೆ, ವಾರದಲ್ಲಿ ಹಲವು ದಿನ ಸ್ವಲ್ಪ ಹೊತ್ತು ಅಂಗಳದಲ್ಲಿ ಕಳೆಯಿರಿ. ಕಪ್ಪು ಮೈಬಣ್ಣದವರಿಗೆ ಹೆಚ್ಚು ಹೊತ್ತು ಬೇಕು. ಕಿಟಕಿಯ ಗಾಜಿನ ಹಿಂದೆ ಕುಳಿತರೆ ಪ್ರಯೋಜನವಿಲ್ಲ, ಏಕೆಂದರೆ ಗಾಜು ಆ ಕಿರಣಗಳನ್ನು ತಡೆಯುತ್ತದೆ. ಬಿಸಿಲಿಗೆಂದು ಕಾಡಂಚಿಗೆ ಹೋಗುವುದಂತೂ ಬೇಡ: ಡಿಸೆಂಬರ್‌ನಿಂದ ಮೇವರೆಗಿನ ಒಣ ಹವೆಯೇ ಮಂಗನ ಕಾಯಿಲೆ ಹರಡುವ ಉಣುಗುಗಳ ಕಾಲವೂ ಹೌದು.

ಆಹಾರದಿಂದ ಸಿಗುವುದು ಅಲ್ಪ. ಬಂಗುಡೆ, ಬೂತಾಯಿ, ಮೊಟ್ಟೆಯ ಹಳದಿ ಭಾಗ ನೆರವಾಗುತ್ತವೆ; ಸಸ್ಯಾಹಾರಿಗಳು ವಿಟಮಿನ್ ಡಿ ಸೇರಿಸಿದ ಹಾಲನ್ನು ಆರಿಸಿಕೊಳ್ಳಬಹುದು.

ಮನೆಯಿಂದ ಹೊರಗೆ ಹೋಗಲಾಗದ ವೃದ್ಧರು, ಸದಾ ಮೈಮುಚ್ಚಿಕೊಳ್ಳುವವರು ಮತ್ತು ಮೂಳೆನೋವಿರುವವರು ವೈದ್ಯರ ಸಲಹೆಯಂತೆ ರಕ್ತಪರೀಕ್ಷೆ ಮಾಡಿಸಬೇಕು; ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಕೊರತೆ ಎನ್ನುತ್ತಾರೆ. ಕೊರತೆಯಿಲ್ಲದ ವಯಸ್ಕರಿಗೆ ದಿನಕ್ಕೆ ಸುಮಾರು 600 ಯೂನಿಟ್ ಸಾಕು. ಔಷಧಿ ಅಂಗಡಿಯಲ್ಲಿ ಸಿಗುವ 60,000 ಯೂನಿಟ್‌ನ ಪುಡಿಯನ್ನು ಅಥವಾ ಕ್ಯಾಪ್ಸೂಲನ್ನು ವೈದ್ಯರು ಹೇಳಿದಷ್ಟು ವಾರ ಮಾತ್ರ, ಊಟದೊಂದಿಗೆ ತೆಗೆದುಕೊಳ್ಳಬೇಕು. ನೆರೆಯವರಿಗೆ ಬರೆದ ಚೀಟಿ ಹಿಡಿದು ತಿಂಗಳುಗಟ್ಟಲೆ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಗೊಂದಲ, ಮೂತ್ರಪಿಂಡದ ಹಾನಿ ಉಂಟಾಗಬಹುದು. ಮೂತ್ರಪಿಂಡದಲ್ಲಿ ಈಗಾಗಲೇ ಕಲ್ಲಿರುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.