ಹೆರಿಗೆ ವಾರ್ಡಿನಿಂದ ಬಾಣಂತಿ ಕೋಣೆಗೆ

ಹೆರಿಗೆ ವಾರ್ಡಿನ ಕೆಲಸ ಬಿಟ್ಟೆ ಎಂದ ಕೂಡಲೇ ಬರುವ ಪ್ರಶ್ನೆ, "ರಕ್ತ ನೋಡಿ ನೋಡಿ ಸಾಕಾಯಿತೇ?" ರಕ್ತಕ್ಕಾಗಲಿ ನೋವಿನ ಕೂಗಿಗಾಗಲಿ ನಮ್ಮಲ್ಲಿ ಯಾರೂ ದಣಿಯುವುದಿಲ್ಲ. ಅದು ತರಬೇತಿಯ ದಿನಗಳಲ್ಲೇ ರೂಢಿಯಾಗುತ್ತದೆ. ನಾನು ಶಿವಮೊಗ್ಗದಲ್ಲಿ ಜಿಎನ್‌ಎಂ, ಅಂದರೆ ನರ್ಸಿಂಗ್ ಮತ್ತು ಹೆರಿಗೆ ಆರೈಕೆಯ ಡಿಪ್ಲೊಮಾ, ಮುಗಿಸಿ, ಮಲೆನಾಡಿನ ಒಂದು ಆಸ್ಪತ್ರೆಯಲ್ಲಿ ಗುತ್ತಿಗೆ ನರ್ಸ್ ಆಗಿ ಬಹಳ ವರ್ಷ ಹೆರಿಗೆ ಮಾಡಿಸಿದವಳು. ಆಸ್ಪತ್ರೆಯ ಹೆಸರು ಬೇಡ. ಬಿಡಬೇಕೋ ಬೇಡವೋ ಎಂದು ತೂಗಾಡುತ್ತಿರುವ ಜೊತೆಯ ನರ್ಸುಗಳು ಈಗಲೂ ಫೋನ್ ಮಾಡುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ದಣಿವು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಒಂದು ಲೆಕ್ಕ ಸಾಕು. ನೋವು ಚುರುಕಾದ ಮೇಲೆ ಬಸುರಿಯ ಹೊಟ್ಟೆಯ ಮೇಲೆ ಕೈಯಿಟ್ಟು, 10 ನಿಮಿಷದಲ್ಲಿ ಎಷ್ಟು ನೋವು ಬಂತು, ಒಂದೊಂದೂ ಎಷ್ಟು ಸೆಕೆಂಡು ನಿಂತಿತು ಎಂದು ಎಣಿಸಬೇಕು. ಅರ್ಧ ಗಂಟೆಗೊಮ್ಮೆ ಇದು ಆಗಬೇಕು. ಜೊತೆಗೆ ಮಗುವಿನ ಎದೆಬಡಿತ, ತಾಯಿಯ ನಾಡಿ, 4 ಗಂಟೆಗೊಮ್ಮೆ ಒಳಪರೀಕ್ಷೆ. ಎಲ್ಲವೂ ಪಾರ್ಟೋಗ್ರಾಫ್ ಹಾಳೆಯ ಮೇಲೆ, ಅಂದರೆ ಹೆರಿಗೆ ಹೇಗೆ ಮುಂದುವರಿಯುತ್ತಿದೆ ಎಂದು ಆಗಿಂದಾಗ್ಗೆ ಗುರುತಿಸುವ ನಕ್ಷೆಯ ಮೇಲೆ, ಬೀಳಬೇಕು. ಮೂವರು ನೋವು ತಿನ್ನುತ್ತಿದ್ದು ನರ್ಸ್ ಒಬ್ಬಳೇ ಇದ್ದರೆ, ಬರೀ ನೋವು ಎಣಿಸುವುದಕ್ಕೇ ಗಂಟೆಯ 60 ನಿಮಿಷವೂ ಮುಗಿಯಿತು. ಇನ್ನು ಆಗಷ್ಟೇ ಹೆತ್ತವಳು ಪಕ್ಕದ ಮಂಚದಲ್ಲಿದ್ದರೆ ಆಕೆಯನ್ನು 15 ನಿಮಿಷಕ್ಕೊಮ್ಮೆ ನೋಡಬೇಕು: ಗರ್ಭಕೋಶ ಗಟ್ಟಿಯಾಗಿದೆಯೇ, ಬಟ್ಟೆ ಎಷ್ಟು ನೆನೆದಿದೆ, ಬಿಪಿ ಎಷ್ಟು. ರಾತ್ರಿ 8ರಿಂದ ಬೆಳಿಗ್ಗೆ 8ರ ಪಾಳಿಯಲ್ಲಿ ಇದನ್ನೆಲ್ಲ ಮಾಡುವ ಕೈಗಳು ಎರಡೇ. ಎಷ್ಟೋ ಕಡೆ ಮಗು ಹುಟ್ಟಿದ ಮೇಲೆ ಪಾರ್ಟೋಗ್ರಾಫ್ ಹುಟ್ಟುತ್ತದೆ ಎಂದು ಮೇಲಿನವರು ಬೇಸರಪಡುತ್ತಾರೆ. ಅದಕ್ಕೆ ಸೋಮಾರಿತನ ಕಾರಣ ಎಂದು ನನಗೆ ಯಾವತ್ತೂ ಅನ್ನಿಸಿಲ್ಲ.

ಮೇ 5ರಂದು ಸೂಲಗಿತ್ತಿಯರ ಅಂತರರಾಷ್ಟ್ರೀಯ ದಿನಾಚರಣೆ. ಆ ದಿನ ವೇದಿಕೆಯಿಂದ ಯಾರಾದರೊಬ್ಬರು ಪಾವಗಡದ ಸೂಲಗಿತ್ತಿ ನರಸಮ್ಮ ಅವರನ್ನು ನೆನೆಯುವುದುಂಟು. ಕಾಸು ಪಡೆಯದೆ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, 2018ರಲ್ಲಿ ಪದ್ಮಶ್ರೀ ಬಂತು, ನೀವು ಇಷ್ಟಕ್ಕೇ ದಣಿದಿರಾ ಎಂಬ ಧಾಟಿ. ಆ ತಾಯಿಗೆ ಕೈಮುಗಿಯುತ್ತೇನೆ. ಆದರೆ ಹಳ್ಳಿಯ ಸೂಲಗಿತ್ತಿ ಒಬ್ಬ ಬಸುರಿಯ ಪಕ್ಕ ಕುಳಿತರೆ ಮಾಸು ಬೀಳುವವರೆಗೆ ಏಳುತ್ತಿರಲಿಲ್ಲ. ನಮಗೆ ಸಿಗದಿರುವುದು ಆ ಕುಳಿತುಕೊಳ್ಳುವ ಭಾಗ್ಯವೇ.

ಇನ್ನೊಂದು ಕಾರಣ ನಮ್ಮ ಊರಿನದು. ಹೆತ್ತ ಮೇಲೆ ರಕ್ತ ನಿಲ್ಲದಿದ್ದರೆ ಶಿವಮೊಗ್ಗಕ್ಕೆ ಕಳಿಸಬೇಕು. ತೀರ್ಥಹಳ್ಳಿಯಿಂದಲೇ 60 ಕಿಲೋಮೀಟರ್, ಘಟ್ಟದ ಕಡೆಯಿಂದ ಬರುವವರಿಗೆ ಇನ್ನೂ ದೂರ. ಒಂದು ಆಷಾಢದ ರಾತ್ರಿ ಅಂಥ ಬಾಣಂತಿಯ ಜೊತೆ ನಾನೇ ಆ್ಯಂಬುಲೆನ್ಸ್ ಹತ್ತಿದೆ. ಗರ್ಭಕೋಶ ಬಿಗಿಯಾಗಿಸುವ ಆಕ್ಸಿಟೋಸಿನ್ ಔಷಧಿ ಕೊಟ್ಟಾಗಿತ್ತು, ಎರಡೂ ಕೈಗೆ ಡ್ರಿಪ್ ಹಾಕಿತ್ತು. ಉಳಿದದ್ದು ಹೊಟ್ಟೆಯ ಮೇಲೆ ಅಂಗೈಯಿಟ್ಟು ಗರ್ಭಕೋಶವನ್ನು ತೀಡುತ್ತಲೇ ಇರುವುದು. ತೀಡಿದರೆ ಗಟ್ಟಿಯಾಗುತ್ತದೆ, ಬಿಟ್ಟರೆ ಹಿಟ್ಟಿನ ಮುದ್ದೆಯ ಹಾಗೆ ಸಡಿಲ. ಮಂಡಗದ್ದೆಯ ಹತ್ತಿರ ರಸ್ತೆಗೆ ಮರ ಬಿದ್ದಿತ್ತು. ಅಕ್ಕಪಕ್ಕದ ಮನೆಯವರು ಟಾರ್ಚು, ಗರಗಸ ಹಿಡಿದು ಬಂದು ಕೊಯ್ದು ದಾರಿ ಮಾಡುವವರೆಗೂ ನಾನು ಕೈ ತೆಗೆಯಲಿಲ್ಲ. ಗಾಜನೂರು ದಾಟುವಾಗ ಬೆರಳುಗಳ ಸ್ಪರ್ಶವೇ ಹೋಗಿತ್ತು. ಆಕೆ ಉಳಿದಳು. ಬೆಳಿಗ್ಗೆ ಬಸ್ಸಿನಲ್ಲಿ ಮರಳಿ ಬಂದರೆ ನನಗಾಗಿ ಕಾದಿದ್ದದ್ದು ವಿವರಣೆ ಕೇಳುವ ಪತ್ರ. ರೆಫರಲ್ ರಿಜಿಸ್ಟರಿನಲ್ಲಿ ಹೊರಟ ಸಮಯ ನಮೂದಾಗಿಲ್ಲವಂತೆ.

ಅದಾದ ಮೇಲೆ ನನಗೆ ಕೋಪ ಬರುವುದು ನಿಂತಿತು. ಗಮನಿಸಬೇಕಾದದ್ದು ಅದನ್ನೇ. ಮಗು ಅತ್ತ ಕೂಡಲೇ ಗಡಿಯಾರ ನೋಡುತ್ತಿದ್ದೆ, ಗಂಡೋ ಹೆಣ್ಣೋ ಬರೆಯುತ್ತಿದ್ದೆ, ತೂಕ ಬರೆಯುತ್ತಿದ್ದೆ. ತಾಯಿಯ ಮುಖ ನೋಡುವುದು ಯಾವಾಗ ಬಿಟ್ಟುಹೋಯಿತೋ ತಿಳಿಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಎಂಬುದನ್ನು ತನ್ನ ವರ್ಗೀಕರಣದಲ್ಲಿ ವಿವರಿಸುವಾಗ ಮೂರು ಲಕ್ಷಣ ಹೇಳಿತು: ಶಕ್ತಿ ಬರಿದಾಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು ಅಥವಾ ಅದರ ಬಗ್ಗೆ ಕಹಿಯಾಗುವುದು, ತನ್ನಿಂದ ಏನೂ ಸರಿಯಾಗಿ ಆಗುತ್ತಿಲ್ಲ ಎನ್ನಿಸುವುದು. ಅದನ್ನು ಕಾಯಿಲೆ ಎಂದು ಕರೆಯಲಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದಿತು. ನಿಭಾಯಿಸಲಾಗದೆ ಉಳಿದುಹೋದ ಕೆಲಸದ ಒತ್ತಡ ಅದರ ಮೂಲ. ಓದಿದಾಗ ಸಮಾಧಾನವಾಯಿತು: ಕೆಟ್ಟಿರುವುದು ನಾನೊಬ್ಬಳೇ ಅಲ್ಲ.

ಆದರೂ ಮೊದಲು ರಕ್ತ ಪರೀಕ್ಷೆ ಮಾಡಿಸಿಕೊಂಡೆ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ನಮ್ಮವರು ಮಾಡಿಸುವುದೇ ಇಲ್ಲ. ಬಸುರಿಯರಿಗೆ ದಿನಾ ಕಬ್ಬಿಣದ ಮಾತ್ರೆ ನುಂಗಿಸುವ ನನ್ನ ಹಿಮೋಗ್ಲೋಬಿನ್ 9ರ ಆಸುಪಾಸಿನಲ್ಲಿತ್ತು; ಹೆಂಗಸರಿಗೆ 12 ಇರಬೇಕು. ಥೈರಾಯ್ಡ್ ಸರಿಯಿತ್ತು. ಮಾತ್ರೆ ತೆಗೆದುಕೊಂಡ ಮೇಲೆ ಮೆಟ್ಟಿಲು ಹತ್ತುವಾಗಿನ ಏದುಸಿರು ಹೋಯಿತು, ಮನಸ್ಸಿನ ಮಂಕು ಹೋಗಲಿಲ್ಲ. ಆಗ ಯಾವುದು ಮೈಯದು, ಯಾವುದು ಕೆಲಸದ್ದು ಎಂಬುದು ಬೇರೆಬೇರೆಯಾಯಿತು. ಟೆಲಿ ಮಾನಸ್‌ನ 14416ಕ್ಕೂ ಕರೆ ಮಾಡಿದೆ. ಕೇಂದ್ರ ಸರ್ಕಾರ 2022ರಲ್ಲಿ ಶುರುಮಾಡಿದ ಉಚಿತ ಸಹಾಯವಾಣಿ ಅದು, ಕನ್ನಡದಲ್ಲೇ ಮಾತನಾಡಬಹುದು. ಆ ಕಡೆ ಇದ್ದ ಹೆಣ್ಣುಮಗಳು ಉಪದೇಶ ಮಾಡಲಿಲ್ಲ. ರಾತ್ರಿ ಪಾಳಿಗಳ ಸರಣಿ ಮುಗಿದ ಬೆನ್ನಿಗೇ ದೊಡ್ಡ ತೀರ್ಮಾನ ಮಾಡಬೇಡಿ, ಮೊದಲು ನಿದ್ದೆ ಮಾಡಿ ಎಂದಳು. ಒಳ್ಳೆಯ ಮಾತು.

ರಜೆ ಹಾಕಿ ನಿದ್ದೆ ಮಾಡಿದೆ. ಮರಳಿದ ಮೇಲೆ, ಪಾಳಿ ಮುಗಿಸಿ ಬಸ್ಸಿನಲ್ಲಿ ಕುಳಿತಾಗ ಆ ದಿನ ಯಾವುದು ಹಿಂಡಿತು, ಯಾವುದು ಹಿಂಡಲಿಲ್ಲ ಎಂದು ಮಗಳ ಹಳೆಯ ನೋಟುಪುಸ್ತಕದಲ್ಲಿ ಬರೆಯತೊಡಗಿದೆ. ಹಿಂಡಿದ್ದರ ಕಡೆ ರಾತ್ರಿ ಪಾಳಿ, ಆನ್‌ಲೈನ್ ನಮೂದು, ಜಗಲಿಯಲ್ಲಿ ನಿಂತು ಬೈಯುವ ನೆಂಟರು, ಪ್ರತಿವರ್ಷದ ಗುತ್ತಿಗೆ ನವೀಕರಣ ಮತ್ತೆ ಮತ್ತೆ ಬಂದವು. ಹೆರಿಗೆ ಎಂಬ ಪದ ಆ ಕಡೆ ಬರಲೇ ಇಲ್ಲ. ಮೊಲೆಹಾಲು ಕುಡಿಸಲು ಕಲಿಸಿದ್ದು, ಹೆದರಿದ ಚೊಚ್ಚಲು ಬಸುರಿಯ ಸೊಂಟ ಒತ್ತಿದ್ದು ಇನ್ನೊಂದು ಕಡೆ ಇದ್ದವು. ಕೆಲಸ ಬಿಡುವ ಮುನ್ನ ಈ ಪಟ್ಟಿ ನಿಮ್ಮ ಕೈಯಲ್ಲಿರಲಿ. ಇಲ್ಲದಿದ್ದರೆ ಹಿಂಡಿದ್ದನ್ನೇ ಬೇರೆ ಊರಿನಲ್ಲಿ ಬೇರೆ ಸಂಬಳಕ್ಕೆ ಮತ್ತೆ ಕೊಂಡುಕೊಳ್ಳುತ್ತೀರಿ.

ದಾರಿಗಳನ್ನು ಒಂದೊಂದಾಗಿ ಆ ಪಟ್ಟಿಗೆ ಹಿಡಿದು ನೋಡಿದೆ. ಸಮುದಾಯ ಆರೋಗ್ಯ ಅಧಿಕಾರಿಯಾದ ಗೆಳತಿಗೆ ರಾತ್ರಿ ಪಾಳಿಯಿಲ್ಲ; ಆದರೆ 30 ದಾಟಿದವರೆಲ್ಲರ ಬಿಪಿ, ಸಕ್ಕರೆ ನೋಡಿ ಆ್ಯಪ್‌ನಲ್ಲಿ ತುಂಬಬೇಕು, ಮಂಗನ ಕಾಯಿಲೆಯ ಕಾಲದಲ್ಲಿ ಜ್ವರದವರನ್ನು ಹುಡುಕಿಕೊಂಡು ತೋಟ, ಕಾಡಂಚು ಸುತ್ತಬೇಕು. ಬೆಂಗಳೂರಿನ ವಿಮೆ ಕಂಪನಿಗಳು ಕಡತ ನೋಡಲು ನರ್ಸುಗಳನ್ನು ತೆಗೆದುಕೊಳ್ಳುತ್ತವೆ. ಅಲ್ಲಿ ತಾಯಿಯೂ ಇಲ್ಲ ಮಗುವೂ ಇಲ್ಲ. ವಿದೇಶದ ಆಸೆಯೂ ಇತ್ತು. ನಮ್ಮ ರಾಜ್ಯ ಪರಿಷತ್ತು ನರ್ಸ್ ಮತ್ತು ಮಿಡ್‌ವೈಫ್ ಎಂದು ಒಟ್ಟಿಗೇ ನೋಂದಾಯಿಸುತ್ತದೆ, ಬ್ರಿಟನ್ನಿನಲ್ಲಿ ಅವೆರಡೂ ಬೇರೆಬೇರೆ ವೃತ್ತಿ. ನಮ್ಮ ಕಡೆಯಿಂದ ಹೋಗುವವರು ಸಾಮಾನ್ಯವಾಗಿ ನರ್ಸ್ ಆಗಿಯೇ ಹೋಗುತ್ತಾರೆ. ನನಗೆ ನಿಜವಾಗಿ ಹಿಡಿಸಿದ್ದು ಸರ್ಕಾರದ 2018ರ ಮಿಡ್‌ವೈಫರಿ ಮಾರ್ಗಸೂಚಿಯಲ್ಲಿರುವ 18 ತಿಂಗಳ ತರಬೇತಿ. ಅದನ್ನು ಮುಗಿಸಿದವರು ಸಹಜ ಹೆರಿಗೆಯನ್ನು ತಾವೇ ನೋಡಿಕೊಳ್ಳುವ ವ್ಯವಸ್ಥೆ. ಮಗಳು ಹತ್ತನೆಯ ತರಗತಿಯಲ್ಲಿದ್ದಳು, ಮನೆ ಬಿಟ್ಟಿರಲು ಆಗಲಿಲ್ಲ. ಸಣ್ಣ ವಯಸ್ಸಿನವರು ವಿಚಾರಿಸಿ ಎಂದೇ ಹೇಳುತ್ತೇನೆ. ಅತ್ತೆಯದು ಒಂದೇ ಮಾತು: "ಕೊನೆಕೊಯ್ಲಿಗೆ ಆಳು ಸಿಗುವುದಿಲ್ಲ, ಮನೆಯಲ್ಲೇ ಇರು." ಎಲೆಚುಕ್ಕಿ ರೋಗ ಬಂದ ಅಡಿಕೆ ತೋಟವನ್ನು ನಂಬಿ ಸಂಬಳ ಬಿಡುವ ಧೈರ್ಯ ನನಗಿರಲಿಲ್ಲ.

ಕೊನೆಗೆ ಹಿಡಿದದ್ದು ಎರಡು ಕೆಲಸ. ವಾರದಲ್ಲಿ ಕೆಲವು ದಿನ ನರ್ಸಿಂಗ್ ಶಾಲೆಯೊಂದರಲ್ಲಿ ಮಕ್ಕಳಿಗೆ ಹೆರಿಗೆಯ ಪ್ರಾಯೋಗಿಕ ಪಾಠ; ಸಂಬಳ ಕಡಿಮೆ, ತಿಂಗಳ ಕೊನೆಗೆ ಬರುತ್ತದೆ ಎಂಬ ನೆಮ್ಮದಿ. ಉಳಿದ ದಿನ ಮನೆಮನೆಗೆ ಹೋಗಿ ಬಾಣಂತಿ, ಮಗುವಿನ ಆರೈಕೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ಬಾಣಂತನಕ್ಕೆ ತವರಿಗೆ ಬರುತ್ತಾರೆ. ತವರಿನಲ್ಲಿ ಈಗ ಅಮ್ಮ ಒಬ್ಬರೇ, ಅವರಿಗೂ ಮಂಡಿನೋವು. ಆಶಾ ಕಾರ್ಯಕರ್ತೆಯರು 3, 7, 14, 21, 28, 42ನೆಯ ದಿನಗಳಲ್ಲಿ ಬರುತ್ತಾರೆ. ತಮ್ಮ ಕೆಲಸಕ್ಕೆ ಅಡ್ಡ ಬಂದೆನೇನೋ ಎಂದು ಮೊದಲು ಅನುಮಾನಿಸಿದ ಅವರೇ ಈಗ ಹಾಲು ಹಿಡಿಯದ ಮಗು ಇದ್ದರೆ ನನಗೆ ಫೋನ್ ಮಾಡುತ್ತಾರೆ.

ಮಲೆನಾಡಿನ ಬಾಣಂತಿ ಕೋಣೆಯಲ್ಲಿ ಎಲ್ಲದಕ್ಕೂ ಜಗಳ ಆಡಬಾರದು. ಹಂಡೆಯ ಬಿಸಿನೀರು, ಎಣ್ಣೆ, ಕಾಳುಮೆಣಸಿನ ಸಾರು ಇರಲಿ. ಗಿಣ್ಣು ಹಾಲನ್ನು ಹಿಂಡಿ ಚೆಲ್ಲಬಾರದು, ಹೊಕ್ಕುಳಿಗೆ ಏನನ್ನೂ ಹಚ್ಚಬಾರದು, ಬಾಣಂತಿಗೆ ನೀರು ಕಡಿಮೆ ಮಾಡಬಾರದು, ಇಷ್ಟಕ್ಕೆ ಮಾತ್ರ ಪಟ್ಟು ಹಿಡಿಯುತ್ತೇನೆ. ಮೊನ್ನೆ ಒಂದು ಮನೆಯಲ್ಲಿ ಹಾಲು ಸಾಲದು ಎಂದು ಡಬ್ಬಿ ಹಾಲು ತಂದಿಟ್ಟಿದ್ದರು. ಮಗು ದಿನಕ್ಕೆ ಎಷ್ಟು ಸಲ ಉಚ್ಚೆ ಮಾಡುತ್ತದೆ ಎಂದು ಕೇಳಿದೆ. ಏಳೆಂಟು ಸಲ ಎಂದರು. ಹಾಗಾದರೆ ಹಾಲು ಸಾಲುತ್ತಿದೆ. ತೊಂದರೆ ಇದ್ದದ್ದು ಹಿಡಿಯುವ ಕ್ರಮದಲ್ಲಿ. ಮಗು ತೊಟ್ಟನ್ನಷ್ಟೇ ಕಚ್ಚಿ ಎಳೆಯುತ್ತಿತ್ತು, ತಾಯಿ ಹಲ್ಲು ಕಚ್ಚಿ ಕುಳಿತಿದ್ದಳು. ಮಗುವನ್ನು ಪೂರ್ತಿ ಅವಳ ಕಡೆಗೆ ತಿರುಗಿಸಿ, ಬಾಯಿ ಅಗಲ ತೆರೆಯುವವರೆಗೆ ಕಾದು, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಿ ಗದ್ದ ಮೊಲೆಗೆ ತಾಗುವಂತೆ ಹಿಡಿಸಿದೆ. ಅವಳ ಭುಜ ಇಳಿಯಿತು. ಮೂಲೆಯಲ್ಲಿ ಕುಳಿತ ಅಜ್ಜಿ, "ಇಷ್ಟೇಯಾ ಮಾರಾಯ್ತಿ?" ಎಂದರು. ಆ ಮನೆಯಲ್ಲಿ ಒಂದು ಗಂಟೆ ಕುಳಿತಿದ್ದೆ, ಒಬ್ಬಳಿಗಾಗಿ.

ಬಿಡುವವರಿಗೆ ಕಾಗದದ ಮಾತು ಎರಡು. ನರ್ಸಿಂಗ್ ಪರಿಷತ್ತಿನ ನೋಂದಣಿ ನವೀಕರಣ ತಪ್ಪಿಸಬೇಡಿ. ಮುಂದೆ ಯಾವ ಬಾಗಿಲು ತಟ್ಟಿದರೂ ಅದನ್ನೇ ಕೇಳುತ್ತಾರೆ. ಅನುಭವ ಪತ್ರದಲ್ಲಿ ಬರೀ 'ಶುಶ್ರೂಷಕಿ' ಎಂದಿದ್ದರೆ ಸಾಲದು, ಹೆರಿಗೆ ವಿಭಾಗ ಎಂದೂ ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂದೂ ಬರೆಸಿಕೊಳ್ಳಿ. ಕೆಲಸದಲ್ಲಿರುವಾಗಲೇ ಬರೆಸಿಕೊಳ್ಳಿ, ಬಿಟ್ಟ ಮೇಲೆ ಗುಮಾಸ್ತರಿಗೆ ನಿಮ್ಮ ಮುಖ ಮರೆತಿರುತ್ತದೆ.

ಹಣದ ವಿಷಯ ಮಾತ್ರ ಇನ್ನೂ ಪೂರ್ತಿ ಬಗೆಹರಿದಿಲ್ಲ. ನಮ್ಮ ಕಡೆ ಮನೆಗೆ ಬಂದ ಸಿಸ್ಟರ್ ಎಂದರೆ ನೆಂಟರು. ಕಾಫಿ, ತಿಂಡಿ, ಹೊರಡುವಾಗ ಕುಂಕುಮ, ರವಿಕೆ ಕಣ ಎಲ್ಲ ಕೊಡುತ್ತಾರೆ, ಶುಲ್ಕ ಎಂದರೆ ಮುಖಮುಖ ನೋಡಿಕೊಳ್ಳುತ್ತಾರೆ. ಶುರುವಿನಲ್ಲಿ ನನಗೂ ನಾಲಿಗೆ ಏಳುತ್ತಿರಲಿಲ್ಲ, ಪೆಟ್ರೋಲ್ ಖರ್ಚೂ ಹುಟ್ಟದ ತಿಂಗಳುಗಳಿದ್ದವು. ಈಗ ಬಾಣಂತಿಯ ಗಂಡನ ವಾಟ್ಸ್‌ಆ್ಯಪ್‌ಗೆ ಮೊದಲೇ ದರದ ಪಟ್ಟಿ ಕಳಿಸುತ್ತೇನೆ, ಅವರು ಒಪ್ಪಿದ ಮೇಲೆ ಗಾಡಿ ತೆಗೆಯುತ್ತೇನೆ. ಆಮೇಲೆ ಅಜ್ಜಿ ಬಾಳೆಗೊನೆ ಕೊಟ್ಟರೆ ಅದನ್ನೂ ಬೇಡ ಎನ್ನುವುದಿಲ್ಲ.