ಸೂಪರ್‌ಹೀರೋ ಸಿನಿಮಾದ ಮುಂದಿನ ಭಾಗಕ್ಕೆ ಹೋಗುವ ಮುನ್ನ

ಬೆಳಗಾವಿ ಮಂದಿಗೆ ಒಂದು ಸಣ್ಣ ಸಲಹೆ. 2019ರಲ್ಲಿ ಅಣ್ಣನ ಮಗ ಗಂಟುಬಿದ್ದ ಅಂತ ‘ಅವೆಂಜರ್ಸ್: ಎಂಡ್‌ಗೇಮ್’ ನೋಡಲಿಕ್ಕೆ ಹೋಗಿದ್ದೆ. ಅದರ ಹಿಂದಿನ ‘ಇನ್ಫಿನಿಟಿ ವಾರ್’ ನಾನು ನೋಡಿರಲಿಲ್ಲ. ಮೂರು ತಾಸು ‘ಇವನ್ಯಾರು? ಅವಳ್ಯಾಕ ಅಳ್ತಾಳ?’ ಅಂತ ಕೇಳಿದ್ದೇ ಬಂತು. ಕೊನೆಗೆ ಅವನೇ ‘ಕಾಕಾ, ಸುಮ್ನೆ ಪಾಪ್‌ಕಾರ್ನ್ ತಿನ್ನು’ ಅಂದ.

ಅಂದಿನಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ. ಹಳೆಯದನ್ನೆಲ್ಲ ನೋಡುತ್ತಾ ಕೂರುವುದಿಲ್ಲ, ಅಷ್ಟು ಪುರುಸೊತ್ತು ಯಾರಿಗಿದೆ? ಕಥೆ ಯಾವುದಕ್ಕೆ ಅಂಟಿಕೊಂಡಿದೆಯೋ ಅದನ್ನಷ್ಟೇ ನೋಡುತ್ತೇನೆ. 2021ರ ‘ಸ್ಪೈಡರ್‌ಮ್ಯಾನ್: ನೋ ವೇ ಹೋಮ್’ ತಗೊಳ್ಳಿ. ಅದರಲ್ಲಿ 2002ರಿಂದ 2014ರವರೆಗಿನ ಐದು ಸ್ಪೈಡರ್‌ಮ್ಯಾನ್ ಸಿನಿಮಾಗಳ ಖಳರು ಬರುತ್ತಾರೆ. ಐದನ್ನೂ ನೋಡಲು ಆಗದಿದ್ದರೆ 2002, 2004ರವನ್ನು ನೋಡಿ. ಗ್ರೀನ್ ಗಾಬ್ಲಿನ್, ಡಾಕ್ಟರ್ ಆಕ್ಟೋಪಸ್ ಯಾರೆಂದು ಗೊತ್ತಾಗುತ್ತದೆ. 2014ರದನ್ನೂ ಸೇರಿಸಿಕೊಂಡರೆ ಒಂದು ದೃಶ್ಯದಲ್ಲಿ ಕಣ್ಣು ಒದ್ದೆಯಾಗುತ್ತದೆ. ಯಾಕೆ ಅಂತ ಹೇಳಲ್ಲ, ಮಜಾ ಹೋಗುತ್ತದೆ.

ಟ್ರೇಲರ್ ಒಂದೇ ಸಾಕು. ಜಾಸ್ತಿ ನೋಡಿದರೆ ಅರ್ಧ ಸಿನಿಮಾ ಮನೆಯಲ್ಲೇ ಮುಗಿಯುತ್ತದೆ.

ಇನ್ನು ಸಿನಿಮಾ ಮುಗಿದ ಮೇಲೆ ಪರದೆಯಲ್ಲಿ ಬರುವ ಹೆಸರುಗಳು. ‘ಅವೆಂಜರ್ಸ್’ ಮಾಡಿದ ಮಾರ್ವೆಲ್ ಕಂಪನಿಯ ಸಿನಿಮಾ ಆದರೆ ಎದ್ದು ಓಡಬೇಡಿ, ಹೆಸರುಗಳ ನಡುವೆ ಅಥವಾ ಆಮೇಲೆ ಸಾಮಾನ್ಯವಾಗಿ ಒಂದು ತುಣುಕು ಇರುತ್ತದೆ. ‘ಎಂಡ್‌ಗೇಮ್’ನಲ್ಲಿ ಮಾತ್ರ ಇರಲಿಲ್ಲ. ಅಷ್ಟು ಹೊತ್ತು ಕಾದು ಕೂತರೆ ಕೇಳಿಸಿದ್ದು ಸುತ್ತಿಗೆ ಬಡಿಯುವ ಸದ್ದು! ಬೈಲಹೊಂಗಲದ ಕಡೆಯವರು ರಾತ್ರಿ ಶೋ ಬಿಟ್ಟು ಮಧ್ಯಾಹ್ನದ್ದಕ್ಕೇ ಬನ್ನಿ. ಬಸ್ಸಿನ ಚಿಂತೆಯಲ್ಲಿ ಆ ತುಣುಕು ತಪ್ಪಿಸಿಕೊಳ್ಳುವುದು ಬೇಡ.