ಬಿ.ಎ. ಇಂಗ್ಲಿಷ್ ತರಗತಿಗೆ ಬಂದ ಶಾಲೆಯ ಪ್ರಾರ್ಥನೆ

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲೂ ಪೇಟೆಯಲ್ಲೂ ಮಲಯಾಳ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನಲ್ಲಿ ಬೆಳೆದವರಿಗೆ ಇದರಲ್ಲಿ ವಿಶೇಷವೇನೂ ಇಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಪ್ಲಸ್ ಟು ಮುಗಿಸಿ ಕಣ್ಣೂರು ವಿಶ್ವವಿದ್ಯಾಲಯದ ಬಿ.ಎ. ಇಂಗ್ಲಿಷ್‌ಗೆ ಸೇರಿದಾಗ, ಪಾಠ ಇಂಗ್ಲಿಷಿನಲ್ಲಿಯೂ ಅದರ ವಿವರಣೆ ಮಲಯಾಳದಲ್ಲಿಯೂ ನಡೆಯುತ್ತಿದ್ದುದರಿಂದ, ಎರಡು ಬಾಗಿಲುಗಳ ಹೊರಗೆ ನಿಂತಂತೆ ನನಗನಿಸುತ್ತಿತ್ತು.

ಮೊದಲ ಸೆಮಿಸ್ಟರಿನ ಅಸೈನ್‌ಮೆಂಟನ್ನು, ಈಗ ಹೇಳಿಕೊಳ್ಳಲು ನಾಚಿಕೆಯಾದರೂ, ಗೈಡ್ ನೋಡಿಯೇ ಬರೆದೆ. ‘ಈ ಕವಿತೆಯಲ್ಲಿ ಆಳವಾದ ವಿಷಾದವಿದೆ’ ಎಂಬ ಅರ್ಥದ ವಾಕ್ಯದ ಕೆಳಗೆ ಟೀಚರ್ ಕೆಂಪು ಗೆರೆ ಎಳೆದು, ನನ್ನನ್ನು ಕರೆದು, ಪುಸ್ತಕ ತೆರೆದು ಮುಂದಿಟ್ಟು, ‘ಈ ವರಿಗಳನ್ನು ನೋಡು. ವಿಷಾದ ಯಾವ ವರಿಯಲ್ಲಿದೆ?’ ಎಂದು ಕೇಳಿದರು. ವರಿ ಎಂದರೆ ಮಲಯಾಳದಲ್ಲಿ ಸಾಲು. ನನಗೆ ಉತ್ತರ ಹೊಳೆಯಲಿಲ್ಲ, ಏಕೆಂದರೆ ಗೈಡನ್ನು ಮೂರು ಬಾರಿ ಓದಿದ್ದ ನಾನು ಕವಿತೆಯನ್ನು ಒಮ್ಮೆಯೂ ಪೂರ್ತಿ ಓದಿರಲಿಲ್ಲ.

ಅಲ್ಲಿಂದ ನಾನು ರೂಢಿಸಿಕೊಂಡ ಕ್ರಮ ತೀರ ಸರಳವಾದದ್ದು. ಕವಿತೆಯನ್ನು ಒಂದೊಂದು ಗೆರೆ ಬಿಟ್ಟು ಕೈಯಾರೆ ನಕಲು ಮಾಡಿ, ಖಾಲಿ ಬಿಟ್ಟ ಗೆರೆಯಲ್ಲಿ ಕನ್ನಡದ ಗದ್ಯಾರ್ಥ ಬರೆಯುತ್ತಿದ್ದೆ. ಕನ್ನಡ ಒಗ್ಗದೆ ತಡವರಿಸಿದ ಕಡೆಗಳಲ್ಲಿ ಪೆನ್ಸಿಲಿನಿಂದ ಸುತ್ತು ಹಾಕುತ್ತಿದ್ದೆ. ಪ್ರಬಂಧಕ್ಕೆ ಬೇಕಾದ ವಿಷಯವೆಲ್ಲ ಆ ಸುತ್ತುಗಳ ಒಳಗೇ ಇರುತ್ತದೆಂಬುದು ತಿಳಿಯಲು ಒಂದು ವರ್ಷವೇ ಹಿಡಿಯಿತು.

ಛಂದಸ್ಸಿನ ಪಾಠದಲ್ಲಿ ನನ್ನ ತೊಡಕು ಬೇರೆಯದಾಗಿತ್ತು. ತಾಳಮದ್ದಳೆಯಲ್ಲಿ ಭಾಗವತರ ಪದಗಳನ್ನು ಕೇಳುತ್ತಾ ಬೆಳೆದ ನನ್ನ ಕಿವಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ಕಾಲವನ್ನು ಎಣಿಸುತ್ತಿತ್ತು. ಇಂಗ್ಲಿಷ್ ಪದ್ಯವಾದರೋ ಉಸಿರಿನ ಒತ್ತನ್ನು ಎಣಿಸುತ್ತದೆ. ಈ ವ್ಯತ್ಯಾಸ ಸ್ಪಷ್ಟವಾದದ್ದು ಆರನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದಾಗ. ಶಾಲೆಯ ಅಸೆಂಬ್ಲಿಯಲ್ಲಿ ವರ್ಷಗಟ್ಟಲೆ ಹಾಡಿದ್ದ ‘ಕರುಣಾಳು ಬಾ ಬೆಳಕೆ’ ಎಂಬ ಪ್ರಾರ್ಥನೆಯು, ಜಾನ್ ಹೆನ್ರಿ ನ್ಯೂಮನ್ 1833ರಲ್ಲಿ ಸಮುದ್ರಯಾನದ ನಡುವೆ ಬರೆದ ‘ಲೀಡ್, ಕೈಂಡ್ಲಿ ಲೈಟ್’ ಎಂಬ ಪದ್ಯವನ್ನು ಬಿ.ಎಂ.ಶ್ರೀ ಅವರು ಕನ್ನಡಕ್ಕೆ ತಂದದ್ದೆಂದು ಆಗ ತಿಳಿಯಿತು. ಎರಡನ್ನೂ ಎದುರುಬದುರಾಗಿ ಬರೆದುಕೊಂಡು ಕುಳಿತೆ.

ಮೂಲದ ಮೊದಲ ಸಾಲಿನಲ್ಲಿ ಹತ್ತು ಸಿಲೆಬಲ್‌ಗಳು, ಎರಡನೆಯದರಲ್ಲಿ ನಾಲ್ಕೇ. ಕನ್ನಡದಲ್ಲಿ ಐದೈದು ಮಾತ್ರೆಯ ನಾಲ್ಕು ಗಣಗಳ ಉದ್ದನೆಯ ಸಾಲು, ಅದರ ಬೆನ್ನಿಗೆ ಎರಡು ಗಣ ಮತ್ತು ಮೇಲೊಂದು ಅಕ್ಷರದ ಗಿಡ್ಡ ಸಾಲು. ಛಂದಸ್ಸು ಬೇರೆಯಾದರೂ ಉದ್ದ, ಗಿಡ್ಡ ಎಂಬ ಉಸಿರಾಟ ಹಾಗೆಯೇ ಉಳಿದಿದೆ. ಇಷ್ಟನ್ನು ಬರೆದು ತೋರಿಸಿದಾಗ ಟೀಚರ್ ತಲೆಯಾಡಿಸಿದರು, ಆದರೆ ತೃಪ್ತಿಪಡಲಿಲ್ಲ. ‘ಇದು ಎಣಿಕೆಯಾಯಿತು. ನಿನ್ನ ವಾದವೇನು?’

ವಾದ ಸಿಕ್ಕಿದ್ದು ‘ಬಾ’ ಎಂಬ ಒಂದಕ್ಷರದಲ್ಲಿ. ಇಂಗ್ಲಿಷಿನಲ್ಲಿ ಪದ್ಯದ ಮೊದಲ ಮಾತೇ ‘ಲೀಡ್’, ನಡೆಸು ಎಂಬ ಕ್ರಿಯಾಪದ, ಅದೂ ಒತ್ತಿನೊಡನೆ. ಕನ್ನಡದಲ್ಲಿ ‘ನಡೆಸು’ ಗಿಡ್ಡ ಸಾಲಿನ ಕೊನೆಯವರೆಗೆ ಕಾಯುತ್ತದೆ. ಮೂಲದಲ್ಲಿ ‘ಬಾ’ ಎಂಬುದೇ ಇಲ್ಲ. ‘ಬೆಳಕೆ’ಗೆ ಮೂರೇ ಮಾತ್ರೆಯಾದ್ದರಿಂದ ಗಣ ತುಂಬಲು ಎರಡು ಮಾತ್ರೆ ಬೇಕಾಗಿತ್ತು ಎನ್ನಬಹುದು, ನಿಜ, ಆದರೆ ಅದಕ್ಕೆ ‘ಓ ಬೆಳಕೆ’ ಎಂದರೂ ಸಾಕಿತ್ತು. ನ್ಯೂಮನ್‌ನ ಬೆಳಕು ಆಗಲೇ ಎದುರಿಗಿದೆ, ದಾರಿ ತೋರಿದರೆ ಸಾಕು, ಬಿ.ಎಂ.ಶ್ರೀ ಅವರ ಬೆಳಕನ್ನು ಮೊದಲು ಹತ್ತಿರಕ್ಕೆ ಕರೆಯಬೇಕು. ಹತ್ತಿರ ಬಂದದ್ದರಿಂದಲೇ ಮುಂದಿನ ಸಾಲಿನಲ್ಲಿ ಅದು ‘ಕೈ ಹಿಡಿದು’ ನಡೆಸಬಲ್ಲದು, ಮತ್ತು ಆ ಕೈ ಕೂಡ ಮೂಲದಲ್ಲಿಲ್ಲ. ಪ್ರಾಜೆಕ್ಟಿನ ಉಳಿದ ಪುಟಗಳೆಲ್ಲ ಈ ಒಂದು ಮಾತಿನ ವಿಸ್ತರಣೆ.

ಅದನ್ನು ಇಂಗ್ಲಿಷಿನಲ್ಲಿ ಬರೆಯುವುದು ಇನ್ನೊಂದು ಪಾಡು. ‘ಹೋಗಿ, ನೋಡಿ, ತಿಳಿದು, ಬರೆದೆ’ ಎಂದು ಕನ್ನಡದಲ್ಲಿ ಎಷ್ಟು ಕ್ರಿಯೆಗಳನ್ನಾದರೂ ಪೋಣಿಸಿ ಕೊನೆಗೊಂದು ಗಂಟು ಹಾಕಬಹುದು. ಅದೇ ಅಭ್ಯಾಸದಲ್ಲಿ ನನ್ನ ಇಂಗ್ಲಿಷ್ ವಾಕ್ಯಗಳು ‘ಆ್ಯಂಡ್’ ಹಿಡಿದುಕೊಂಡು ಅರ್ಧ ಪುಟ ಓಡುತ್ತಿದ್ದವು. ಪ್ರತಿ ವಾಕ್ಯದ ಮುಖ್ಯ ಕ್ರಿಯಾಪದಕ್ಕೆ ಅಡಿಗೆರೆ ಹಾಕಿ, ಮೂರಕ್ಕಿಂತ ಹೆಚ್ಚು ಕಂಡರೆ ವಾಕ್ಯವನ್ನು ಒಡೆಯುತ್ತಿದ್ದೆ. ‘ಎ’, ‘ದಿ’ಗಳಿಗೆ ಕನ್ನಡದಲ್ಲಿ ಸರಿಸಾಟಿ ಇಲ್ಲದ್ದರಿಂದ ಅವುಗಳಿಗಾಗಿಯೇ ಕೊನೆಯಲ್ಲಿ ಒಂದು ಬಾರಿ ಬೇರೆಯಾಗಿ ಓದಬೇಕಾಗುತ್ತಿತ್ತು. ಇಂದಿಗೂ ಓದುತ್ತೇನೆ, ಇಂದಿಗೂ ಒಂದೆರಡು ತಪ್ಪುಗಳು ಕಣ್ಣು ತಪ್ಪಿಸಿಕೊಳ್ಳುತ್ತವೆ.

ವೈವಾಕ್ಕೆ ಹೊರಗಿನಿಂದ ಬಂದಿದ್ದ ಮಲಯಾಳಿ ಪರೀಕ್ಷಕರಿಗೆ ಕನ್ನಡ ಬರುತ್ತಿರಲಿಲ್ಲ. ಪುಟ ತಿರುವುತ್ತಾ ಬಂದವರು ಒಂದು ಕಡೆ ನಿಲ್ಲಿಸಿ, ಆ ಎರಡು ಸಾಲುಗಳನ್ನು ಹಾಡಬಹುದೇ ಎಂದು ಕೇಳಿದರು. ಅಸೆಂಬ್ಲಿಯ ರಾಗದಲ್ಲಿಯೇ ಹಾಡಿದೆ. ಮುಗಿಯುತ್ತಿದ್ದಂತೆ ನನ್ನ ವಿವರಣೆಗೆ ಕಾಯದೆ ಅವರೇ ಕೇಳಿದರು: ‘ಈ ಬಾ ಎಂದರೆ ನಮ್ಮ ವಾ ತಾನೆ?’